ಬೀಜಬಲ: ಬಳ್ಳಾರಿ ಸೀಮೆಯ ಧಾನ್ಯಗಳೂ ಬೂಷ್ಟುರೋಗಗಳ ಚರಿತ್ರೆಯೂ

೧

ಬೀಜವು ಹೆಚ್ಚೋ ಕ್ಷೇತ್ರವು ಹೆಚ್ಚೋ ಎಂಬ ಚರ್ಚೆಯು ಭಾರತೀಯ ಶಾಸ್ತ್ರಗ್ರಂಥಗಳಲ್ಲಿ ಬಹು ಪ್ರಾಚೀನವಾದುದು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಸಂತಾನದ ವಿಷಯವನ್ನು ವಿಚಾರಿಸುವ ಸಂದರ್ಭದಲ್ಲಿ ಈ ಎರಡು ಪಕ್ಷಗಳನ್ನೂ ಎತ್ತಿ, ನೆಲವು ಒಂದೇ ಆಗಿದ್ದರೂ ಅದರಲ್ಲಿ ಬಿತ್ತಿದ ನಾನಾ ಬೀಜಗಳು ತಮ್ಮ ತಮ್ಮ ಸ್ವಭಾವವನ್ನನುಸರಿಸಿಯೇ ಮೊಳೆಯುವುದರಿಂದ ಬೀಜವೇ ಉತ್ಕೃಷ್ಟವೆಂದು ಹೇಳಿದೆ. ಅಲ್ಲಿ ಒಕ್ಕಲುತನವು ದೃಷ್ಟಾಂತಮಾತ್ರ. ಆದರೆ ಆ ದೃಷ್ಟಾಂತವನ್ನೇ ಪ್ರಕೃತವಾಗಿ ತೆಗೆದುಕೊಂಡು, ಬೆಳೆಗೆ ರೋಗವು ಬಂದಾಗ ಅದಕ್ಕೆ ಕಾರಣವು ನೆಲವೋ, ಗಾಳಿಮಳೆಯೋ, ಬಿತ್ತಿದ ಬೀಜದ ಕುಲವೋ ಎಂದು ಕೇಳಿದರೆ, ಅದು ಇಪ್ಪತ್ತನೆಯ ಶತಮಾನದ ಶಾಸ್ತ್ರಜ್ಞರ ಮುಖ್ಯ ಪ್ರಶ್ನೆಗಳಲ್ಲಿ ಒಂದಾಗಿ ಪರಿಣಮಿಸುವುದು. ಆ ಪ್ರಶ್ನೆಗೆ ದೊರೆತ ಉತ್ತರದಲ್ಲಿ ಕನ್ನಡ ನಾಡಿನ ಬೆಳೆಗಳಿಗೂ ಒಂದು ಸ್ಥಾನವುಂಟು. ಅದನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ತೋರಣಗಲ್ಲು ಎಂಬ ಊರಿದೆ. ತೋರಣ, ಕಲ್ಲು ಎಂಬೆರಡು ಪದಗಳು ಸೇರುವಾಗ ಕಕಾರಕ್ಕೆ ಗಕಾರವು ಆದೇಶವಾಗಿ ಈ ಹೆಸರು ಸಿದ್ಧಿಸಿದೆ. ಈಗ ಸಂಡೂರು ತಾಲ್ಲೂಕಿಗೆ ಸೇರಿರುವ ಈ ಊರು ಉಕ್ಕಿನ ಕಾರ್ಖಾನೆಯಿಂದಲೇ ಹೊರನಾಡುಗಳಲ್ಲಿ ಪ್ರಸಿದ್ಧವಾಗಿದ್ದರೂ, ಅದರ ಸುತ್ತಣ ಸೀಮೆಯು ಮೊದಲಿನಿಂದಲೂ ಒಕ್ಕಲುತನದ್ದು. ಬಳ್ಳಾರಿಯ ಕಡೆಗೆ ಕಪ್ಪನೆಯ ಎರೆಭೂಮಿಯೂ, ಸಂಡೂರಿನ ಬೆಟ್ಟಗಳ ಕಡೆಗೆ ಕೆಂಪು ಮಸಬು ನೆಲವೂ ಹರಡಿರುವುವು. ಎರೆಯಲ್ಲಿ ಬಿಳಿಜೋಳ ಹತ್ತಿಗಳು, ಮಸಬಿನಲ್ಲಿ ಸಜ್ಜೆ ನವಣೆಗಳು ಬಹುಕಾಲದಿಂದ ಬೆಳೆದುಬಂದಿವೆ. ತುಂಗಭದ್ರೆಯ ಕಾಲುವೆಗಳು ಬಂದ ಮೇಲೆ ಕಂಪ್ಲಿ ಸಿರುಗುಪ್ಪಗಳ ಕಡೆಯಲ್ಲಿ ಬತ್ತದ ಬೇಸಾಯವು ಬಹಳವಾಗಿ ಹೆಚ್ಚಿತು. ಬಳ್ಳಾರಿಯ ಮೂಡಲಿಗೆ, ವೇದಾವತಿಯೆಂಬ ಹೆಸರೂ ಉಳ್ಳ ಹಗರಿ ಹೊಳೆಯ ಬಳಿಯಲ್ಲಿ, ಆಗಿನ ಮದರಾಸು ಸರಕಾರದವರು ೧೯೦೬ರಲ್ಲಿ ಒಣಬೇಸಾಯದ ಬೆಳೆಗಳ ಪರೀಕ್ಷೆಗಾಗಿ ಒಂದು ಕ್ಷೇತ್ರವನ್ನು ಸ್ಥಾಪಿಸಿದರು. ೧೯೫೩ರಲ್ಲಿ ಬಳ್ಳಾರಿಯು ಮೈಸೂರು ರಾಜ್ಯಕ್ಕೆ ಸೇರಿತು. ಹಗರಿಯ ಆ ಕ್ಷೇತ್ರವು ಈಗ ರಾಯಚೂರಿನ ಕೃಷಿ ವಿಶ್ವವಿದ್ಯಾನಿಲಯಕ್ಕೆ ಒಳಪಟ್ಟಿದೆ.

೨

ಈ ಸೀಮೆಯಲ್ಲಿಯೂ ಇದಕ್ಕೆ ಬಡಗಲಾದ ನಾಡಿನಲ್ಲಿಯೂ ಧಾನ್ಯದ ರೋಗಗಳಿಗೆ ಒಕ್ಕಲಿಗರು ಇಟ್ಟಿರುವ ಹೆಸರುಗಳು ವಿಚಾರಾರ್ಹವಾಗಿವೆ. ಜೋಳದ ಕಾಳು ಒಳಗೆ ಕಪ್ಪು ಹುಡಿಯಾಗುವ ರೋಗಕ್ಕೆ ಕಾಡಿಗೆ ಎಂದು ಹೆಸರು. ಎಲೆಯು ಹಸುರು ಕಳೆದು ಕೇದಗೆಯ ಗರಿಯಂತೆ ಬಿಳಿದಾಗಿ ತೆನೆಯು ಕೆಡುವುದಕ್ಕೆ ಕೇದಿಗೆ ರೋಗವೆಂದು ಹೆಸರು. ಬತ್ತದ ಪೈರು ಸುಟ್ಟಂತೆ ಆಗುವುದು ಬೆಂಕಿ ರೋಗ. ಗೋದಿಯ ಎಲೆಕಾಂಡಗಳ ಮೇಲೆ ಹುಡಿಯೆದ್ದು, ಹೊಲದಲ್ಲಿ ನಡೆದವರ ಬಟ್ಟೆಗೆ ದೇವರ ಭಂಡಾರದಂತೆ ಅಂಟುವುದು ಭಂಡಾರ ರೋಗ. ಇದಕ್ಕೆ ತುಕ್ಕು ಎಂಬ ಹೆಸರೂ ಇದೆ. ಈ ಹೆಸರುಗಳೆಲ್ಲ ಕಣ್ಣಿಗೆ ಕಾಣುವ ಲಕ್ಷಣದಿಂದ ಹುಟ್ಟಿದವು. ಯಾವುದೂ ಕಾರಣವನ್ನು ಹೇಳುವುದಿಲ್ಲ. ಆದರೆ ಲಕ್ಷಣದ ಗ್ರಹಣವು ಎಷ್ಟು ಸೂಕ್ಷ್ಮವಾಗಿದೆಯೆಂದರೆ, ಶಾಸ್ತ್ರಜ್ಞರು ಮುಂದೆ ಬೇರೆಬೇರೆ ಜೀವಿಗಳೆಂದು ವಿಂಗಡಿಸಿದವುಗಳಿಗೆ ಒಕ್ಕಲಿಗರು ಮೊದಲೇ ಬೇರೆಬೇರೆ ಹೆಸರುಗಳನ್ನು ಇಟ್ಟಿದ್ದರು.

ಗ್ರಂಥಗಳಲ್ಲಿ ಸಸ್ಯರೋಗಗಳ ವಿಚಾರವು ಇಲ್ಲದೆ ಇಲ್ಲ. ವರಾಹಮಿಹಿರನ ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಪ್ರಕರಣದಲ್ಲಿ ಶೀತ ವಾತ ಆತಪಗಳಿಂದ ಮರಗಳಿಗೆ ರೋಗವುಂಟಾಗುವುದೆಂದು ಹೇಳಿದೆ. ಸುರಪಾಲನ ವೃಕ್ಷಾಯುರ್ವೇದವು ವಾತ ಪಿತ್ತ ಕಫಗಳ ವಿಭಾಗವನ್ನು ಗಿಡಮರಗಳಿಗೂ ಅನ್ವಯಿಸುತ್ತದೆ. ಕನ್ನಡದಲ್ಲಿ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು ೧೦೨೫ರಲ್ಲಿ, ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿಯೂ ವೃಕ್ಷಾಯುರ್ವೇದದ ಭಾಗವಿದೆ. ಕೃಷಿಪರಾಶರವು ಧಾನ್ಯದ ವ್ಯಾಧಿಗಳನ್ನು ಓಡಿಸಲು ಮಂತ್ರವನ್ನು ವಿಧಿಸುವುದಲ್ಲದೆ, ಬೀಜವನ್ನು ಆರಿಸಿ ಒಣಗಿಸಿ ಕಾಪಾಡುವ ಕ್ರಮವನ್ನು ಹೇಳಿ, ಏಕರೂಪವಾದ ಬೀಜವೇ ತುಂಬಿದ ಫಲವನ್ನು ಕೊಡುವುದೆಂದು ಉಪದೇಶಿಸುತ್ತದೆ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದನ್ನು ಪರೀಕ್ಷಿಸಬೇಕಾಗುವುದು.

ರೋಗಕ್ಕೆ ನಿಜವಾದ ಕಾರಣವಾದ ಜೀವಿಗಳಿಗೆ ಈಗ ಶಿಲೀಂಧ್ರಗಳೆಂಬ ಹೆಸರು ರೂಢಿಯಲ್ಲಿದೆ. ಬೂಷ್ಟು, ಅಣಬೆ ಮೊದಲಾದುವು ಈ ವರ್ಗಕ್ಕೆ ಸೇರಿದುವು. ಮೇಘದೂತದಲ್ಲಿ ಮೋಡದ ಗುಡುಗಿನಿಂದ ನೆಲದಲ್ಲಿ ಏಳುವ ಶಿಲೀಂಧ್ರಗಳು ಭೂಮಿಯು ಬಂಜೆಯಲ್ಲವೆಂಬುದಕ್ಕೆ ಗುರುತಾಗಿ ಬಂದಿವೆ. ಆ ಶಬ್ದಕ್ಕೆ ಕಂದಲಿಯೆಂಬ ಅರ್ಥವೂ ಉಂಟು. ಹೇಗಿದ್ದರೂ ಕವಿಯು ಸಮೃದ್ಧಿಯ ಚಿಹ್ನೆಯಾಗಿ ಬಳಸಿದ ಶಬ್ದವೇ ಇಂದು ಧಾನ್ಯದ ಹಗೆಗೆ ಹೆಸರಾಗಿರುವುದು ಶಬ್ದಗಳ ಚರಿತ್ರೆಯಲ್ಲಿ ಒಂದು ವಿಚಿತ್ರವಾದ ಸಂಗತಿ.

೩

ಬೂಷ್ಟುಗಳೇ ಧಾನ್ಯರೋಗಗಳಿಗೆ ಕಾರಣವೆಂಬುದು ಯೂರೋಪಿನಲ್ಲಿ ಮೆಲ್ಲಮೆಲ್ಲನೆ ಸಿದ್ಧವಾಯಿತು. ಗೋದಿಯ ಕಾಡಿಗೆಯ ಹುಡಿಯು ಬೀಜಕ್ಕೆ ಸೋಂಕಿದರೆ ಬೆಳೆಯು ಕೆಡುವುದೆಂದು ಫ್ರಾನ್ಸಿನ ತಿಯೆ ಎಂಬವನು ೧೭೫೫ರಲ್ಲಿ ತೋರಿಸಿದನು. ಆ ಹುಡಿಯು ಒಂದು ಸೂಕ್ಷ್ಮಸಸ್ಯದ ಬೀಜವೆಂದೂ, ಮೈಲುತುತ್ತದ ನೀರಿನಿಂದ ಅದನ್ನು ತಡೆಯಬಹುದೆಂದೂ ಪ್ರೆವೊ ಎಂಬವನು ೧೮೦೭ರಲ್ಲಿ ನಿರ್ಣಯಿಸಿದನು. ಹಿಂದೂಸ್ಥಾನದಲ್ಲಿ ಈ ಶಾಸ್ತ್ರಕ್ಕೆ ತಳಹದಿಯನ್ನು ಹಾಕಿದವರಲ್ಲಿ ಬಟ್ಲರನು ಮುಖ್ಯನು. ಅವನ ಸಸ್ಯರೋಗಗಳ ಗ್ರಂಥವು ೧೯೧೮ರಲ್ಲಿ ಪ್ರಕಟವಾಯಿತು. ಅದೇ ವರ್ಷ ಜಿ. ಎಸ್. ಕುಲಕರ್ಣಿಯವರು ಮುಂಬಯಿ ಇಲಾಖೆಯ ಜೋಳದ ಕಾಡಿಗೆಗಳನ್ನು ಕುರಿತು ಬರೆದರು. ಸಜ್ಜೆ ಜೋಳಗಳ ಕೇದಿಗೆ ರೋಗವನ್ನು ಅವರು ೧೯೧೩ರಲ್ಲಿಯೇ ಪರಿಶೀಲಿಸಿ, ಈ ಎರಡು ಧಾನ್ಯಗಳ ರೋಗಜೀವಿಗಳು ವರ್ತಿಸುವ ರೀತಿಯಲ್ಲಿ ಭೇದವುಂಟೆಂದು ತೋರಿಸಿದ್ದರು. ಬಳಿಕ ಮೈಸೂರಿನ ಎಂ. ಜೆ. ತಿರುಮಲಾಚಾರ್ಯರು ತುಕ್ಕು ಕಾಡಿಗೆಗಳ ವಿಂಗಡಣೆಯಲ್ಲಿ ಲೋಕಪ್ರಸಿದ್ಧರಾದರು. ಅವರೂ ಬಿ. ಬಿ. ಮುಂಡಕೂರರೂ ಕೂಡಿ ರಚಿಸಿದ, ಹಿಂದೂಸ್ಥಾನದ ಕಾಡಿಗೆಗಳನ್ನೆಲ್ಲ ವರ್ಣಿಸುವ ಗ್ರಂಥವು ೧೯೫೨ರಲ್ಲಿ ಹೊರಬಂದಿತು.

ಜೋಳದ ಕಾಳುಕಾಡಿಗೆಯ ರೀತಿಯು ಹೀಗಿದೆ. ರೋಗದ ತೆನೆಯನ್ನು ಒಳ್ಳೆಯ ತೆನೆಗಳೊಡನೆ ಕಣದಲ್ಲಿ ಒಕ್ಕಿದಾಗ ಕಪ್ಪು ಹುಡಿಯು ಚದರಿ ಒಳ್ಳೆಯ ಕಾಳುಗಳ ಸಿಪ್ಪೆಗೆ ಅಂಟಿಕೊಳ್ಳುವುದು. ಆ ಕಾಳನ್ನು ಬಿತ್ತಿದಾಗ ಮೊಳಕೆಯೊಡನೆ ಬೂಷ್ಟೂ ಮೊಳೆತು ಎಳೆಯ ಸಸಿಯ ಒಳಹೊಕ್ಕು, ಹೊರಗೆ ಯಾವ ಕುರುಹನ್ನೂ ತೋರದೆ ಪೈರಿನೊಡನೆಯೇ ಬೆಳೆದು, ತೆನೆಗಟ್ಟುವ ಕಾಲಕ್ಕೆ ಕಾಳಿನ ಸ್ಥಾನವನ್ನು ಆಕ್ರಮಿಸುವುದು. ಆದುದರಿಂದ ಬಿತ್ತುವ ಮೊದಲು ಬೀಜವನ್ನು ಮೈಲುತುತ್ತದ ನೀರಿನಲ್ಲಿ ಅದ್ದಿದರೆ ಅಥವಾ ಅದಕ್ಕೆ ಗಂಧಕದ ಹುಡಿಯನ್ನು ಪೂಸಿದರೆ ಸಾಕು; ಬೀಜದ ಮೇಲಿನ ಹಗೆಯು ಅಲ್ಲಿಯೇ ಸಾಯುವುದು. ಇಲ್ಲಿ ಬೀಜವು ರೋಗದ ವಾಹನವೇ ಹೊರತು ಕಾರಣವಲ್ಲ.

ಆದರೆ ಎಲ್ಲ ರೋಗಗಳೂ ಹೀಗೆ ಬೀಜದ ಸಿಪ್ಪೆಯ ಮೇಲೆ ಕುಳಿತು ಬರುವುದಿಲ್ಲ. ಗೋದಿಯ ತುಕ್ಕು ಗಾಳಿಯಲ್ಲಿ ಬರುವುದು. ಆಗ್ರಾದ ಕೆ. ಸಿ. ಮೆಹತಾ ಅವರು ಬಹುವರ್ಷ ಪರಿಶ್ರಮಪಟ್ಟು ಈ ವಿಷಯದಲ್ಲಿ ಒಂದು ದೊಡ್ಡ ಸತ್ಯವನ್ನು ಕಂಡುಹಿಡಿದರು. ಬಯಲುಸೀಮೆಯ ಬೇಸಗೆಯಲ್ಲಿ ತುಕ್ಕಿನ ಹುಡಿಯು ಬದುಕಲಾರದು. ಅದು ಹಿಮಾಲಯದ ತಪ್ಪಲುಗಳಲ್ಲಿಯೂ ತೆಂಕಣದ ನೀಲಗಿರಿ ಪಳನಿ ಬೆಟ್ಟಗಳಲ್ಲಿಯೂ ತಂಪಿನಲ್ಲಿ ಉಳಿದಿದ್ದು, ಹಿಂಗಾರಿನ ಪೈರು ಬಂದಾಗ ಗಾಳಿಯೊಡನೆ ಬಯಲಿಗೆ ಮರಳುವುದು. ನೀಲಗಿರಿಯಿಂದ ಮಧ್ಯದೇಶಕ್ಕೆ ಹೋಗುವ ಕರಿತುಕ್ಕಿನ ದಾರಿಯನ್ನು ೧೯೭೦ರ ದಶಕದಲ್ಲಿ ನಾಗರಾಜನ್ ಮೊದಲಾದವರು ಬಿರುಗಾಳಿಗಳ ಗತಿಯೊಡನೆ ಹೊಂದಿಸಿ ವಿವರಿಸಿದರು. ಇಂತಹ ರೋಗಕ್ಕೆ ಬೀಜವನ್ನು ಅದ್ದುವುದರಿಂದ ಪ್ರಯೋಜನವೇನು? ೧೯೪೬-೪೭ರಲ್ಲಿ ಮಧ್ಯ ಹಿಂದೂಸ್ಥಾನದಲ್ಲಿ ಕರಿತುಕ್ಕು ಹಬ್ಬಿದಾಗ ಸುಮಾರು ೨೦ ಲಕ್ಷ ಟನ್ ಗೋದಿಯು ನಷ್ಟವಾಯಿತೆಂದು ಅಂದಾಜು ಮಾಡಿರುವರು. ಗಾಳಿಯನ್ನು ಕಟ್ಟುವುದು ಮನುಷ್ಯನಿಗೆ ಸಾಧ್ಯವಲ್ಲ. ಪೈರೇ ತನ್ನೊಳಗಿನ ಬಲದಿಂದ ನಿಲ್ಲಬೇಕು.

೪

ಅಂತಹ ಬಲವು ಉಂಟೆಂಬುದೂ, ಅದು ವಂಶಪರಂಪರೆಯಾಗಿ ನಿಯತವಾದ ಕ್ರಮದಲ್ಲಿ ಬರುವುದೆಂಬುದೂ ಇಂಗ್ಲೆಂಡಿನ ಬಿಫನ್ ಎಂಬವನ ಪ್ರಯೋಗದಿಂದ ೧೯೦೫ರಲ್ಲಿ ಸಿದ್ಧವಾಯಿತು. ಮೆಂಡಲನು ಬಟಾಣಿಗಳಲ್ಲಿ ಕಂಡು ೧೮೬೬ರಲ್ಲಿ ಪ್ರಕಟಿಸಿದ ಆನುವಂಶಿಕ ನಿಯಮವು ಮೂವತ್ತನಾಲ್ಕು ವರ್ಷ ಮರೆಯಲ್ಲಿದ್ದು, ೧೯೦೦ರಲ್ಲಿ ಮತ್ತೆ ಬೆಳಕಿಗೆ ಬಂದಿದ್ದಿತು. ಬಿಫನನು ಹಳದಿ ತುಕ್ಕಿಗೆ ಸುಲಭವಾಗಿ ತುತ್ತಾಗುವ ಗೋದಿಯನ್ನೂ ಅದನ್ನು ತಡೆಯುವ ಗೋದಿಯನ್ನೂ ಕೂಡಿಸಿದಾಗ ಮೊದಲನೆಯ ಪೀಳಿಗೆಯೆಲ್ಲವೂ ರೋಗಕ್ಕೆ ತುತ್ತಾಯಿತು. ಎರಡನೆಯ ಪೀಳಿಗೆಯಲ್ಲಿ ಸುಮಾರು ಮೂರು ಪಾಲು ರೋಗಿಗಳೂ ಒಂದು ಪಾಲು ನೀರೋಗಿಗಳೂ ಆದುವು. ಮಗನಲ್ಲಿ ಕಾಣದೆ ಹೋದ ಗುಣವು ಮೊಮ್ಮಗನಲ್ಲಿ ಮತ್ತೆ ತಲೆಯೆತ್ತಿತು. ರೋಗನಿರೋಧವೆಂಬುದು ಗೊಬ್ಬರದಿಂದಲೋ ಹವೆಯಿಂದಲೋ ಬಂದ ಪುಷ್ಟಿಯಲ್ಲ, ಬೀಜದಲ್ಲಿ ಅಡಗಿರುವ ಬೇರೆಯೇ ಒಂದು ಧಾತುವೆಂಬುದು ಇದರಿಂದ ಸ್ಪಷ್ಟವಾಯಿತು. ಮನುವಿನ ಬೀಜಪಕ್ಷವು ಗೆದ್ದಂತೆ ತೋರಿತು.

ಆದರೆ ಗೆಲವು ಪೂರ್ಣವಾಗಿರಲಿಲ್ಲ. ಒಂದು ಸೀಮೆಯಲ್ಲಿ ತುಕ್ಕನ್ನು ತಡೆದ ಗೋದಿಯು ಇನ್ನೊಂದು ಸೀಮೆಯಲ್ಲಿ ಬಿದ್ದುಹೋಗುವುದು ಕಂಡುಬಂದಿತು. ಅಮೆರಿಕೆಯ ಸ್ಟ್ಯಾಕ್‌ಮನ್ನನು ಇದಕ್ಕೆ ಕಾರಣವನ್ನು ಹುಡುಕಿ, ತುಕ್ಕಿನ ಬೂಷ್ಟು ನೋಟಕ್ಕೆ ಒಂದೇ ಆಗಿದ್ದರೂ ಅದರೊಳಗೆ ಬಹು ಕುಲಗಳಿವೆಯೆಂದೂ, ಒಂದೊಂದು ಕುಲವು ಒಂದೊಂದು ಬಗೆಯ ಗೋದಿಯನ್ನು ಮುರಿಯಬಲ್ಲುದೆಂದೂ ತೋರಿಸಿದನು. ಅಗಸೆಯ ತುಕ್ಕನ್ನು ಪರೀಕ್ಷಿಸಿದ ಫ್ಲಾರ್ ಎಂಬವನು ೧೯೪೨ರಿಂದ ಮುಂದಕ್ಕೆ ಪ್ರಕಟಿಸಿದ ಲೇಖನಗಳಲ್ಲಿ ಇದರ ಮರ್ಮವನ್ನು ಬಿಡಿಸಿದನು: ಸಸ್ಯದಲ್ಲಿರುವ ಒಂದೊಂದು ನಿರೋಧದ ವಂಶವಾಹಿಗೂ ಬೂಷ್ಟಿನಲ್ಲಿ ಅದಕ್ಕೆ ಎದುರಾದ ಒಂದು ವಂಶವಾಹಿಯುಂಟು, ಇವೆರಡೂ ಜೋಡಿಮಲ್ಲರಂತೆ ಒಂದನ್ನೊಂದು ಗುರುತಿಸುವುವು. ಬೂಷ್ಟಿನಲ್ಲಿ ಅದು ಮಾರ್ಪಟ್ಟರೆ ಸಸ್ಯವು ಹಗೆಯನ್ನು ಗುರುತಿಸಲಾರದೆ ಸೋಲುವುದು. ಈ ತತ್ತ್ವವು ಧಾನ್ಯಗಳ ರೋಗಗಳಲ್ಲಿಯೂ ಬಹುಮಟ್ಟಿಗೆ ಸತ್ಯವೆಂದು ಬಳಿಕ ತಿಳಿದುಬಂದಿತು.

ಗುರುತಿಸಿದ ಮೇಲೆ ಸಸ್ಯವು ಮಾಡುವ ಕಾರ್ಯವು ಆಶ್ಚರ್ಯಕರವಾಗಿದೆ. ತುಕ್ಕು ಜೀವಂತವಾದ ಸಸ್ಯಕೋಶದಿಂದ ಮಾತ್ರ ಆಹಾರವನ್ನು ಪಡೆಯಬಲ್ಲುದು. ಆದುದರಿಂದ ಹಗೆಯು ಹೊಕ್ಕ ಕೋಶವೂ ಅದರ ಸುತ್ತಣ ಕೆಲವು ಕೋಶಗಳೂ ತಾವಾಗಿ ಸಾಯುವುವು. ಅನ್ನವಿಲ್ಲದೆ ಬೂಷ್ಟು ಅಲ್ಲಿಯೇ ನಿಲ್ಲುವುದು. ಎಲೆಯ ಮೇಲೆ ಒಂದು ಸಣ್ಣ ಚುಕ್ಕೆ ಮಾತ್ರ ಉಳಿದು ಪೈರು ಬದುಕುವುದು.

೫

ಈ ಚರಿತ್ರೆಯಲ್ಲಿಯೇ ಕನ್ನಡ ನಾಡಿನ ಒಂದು ಹಳೆಯ ಧಾನ್ಯವು ಪ್ರವೇಶಿಸುವುದು. ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಗಳಲ್ಲಿಯೂ ಅವುಗಳಿಗೆ ಹೊಂದಿದ ಮಹಾರಾಷ್ಟ್ರದಲ್ಲಿಯೂ ಸದಕವೆಂದೂ ಜವೆಗೋದಿಯೆಂದೂ ಕಪಲಿ ಅಥವಾ ಖಪಲಿಯೆಂದೂ ಕರೆಯಲ್ಪಡುವ ಗೋದಿಯೊಂದು ಬೆಳೆಯುವುದು. ಯವ ಶಬ್ದದ ತದ್ಭವವಾದ ಜವೆಯು ಇದರ ಹೆಸರಿನಲ್ಲಿ ಸೇರಿರುವುದಕ್ಕೆ, ಬಾರ್ಲಿಯಲ್ಲಿರುವಂತೆ ಇದರಲ್ಲಿಯೂ ಹೊಟ್ಟು ಕಾಳನ್ನು ಬಿಡದೆ ಹಿಡಿದಿರುವುದೇ ಕಾರಣವಾಗಿರಬಹುದು. ಇದನ್ನು ಒಕ್ಕಿದರೆ ಸಾಲದು, ಕುಟ್ಟಬೇಕು. ಕುಟ್ಟಿದ ಗೋದಿಯ ಹುಗ್ಗಿಯೂ ಇದರ ರವೆಯೂ ಬಡಗನಾಡಿನ ಹಬ್ಬಗಳ ಊಟದಲ್ಲಿ ಪ್ರಸಿದ್ಧವಾಗಿವೆ. ಸಾಮಾನ್ಯವಾದ ರೊಟ್ಟಿಗೋದಿಯ ಕೋಶದಲ್ಲಿ ೪೨ ವರ್ಣತಂತುಗಳಿದ್ದರೆ ಇದರಲ್ಲಿ ೨೮ ಮಾತ್ರ ಇರುವುವು. ಮನುಷ್ಯನು ಮೊದಮೊದಲು ಬಿತ್ತಿದ ಗೋದಿಗಳ ಜಾತಿಗೆ ಇದು ಸೇರಿದುದು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಖಪಲಿಯೆಂಬ ಹೆಸರಿನೊಡನೆಯೇ ಹಿಂದೂಸ್ಥಾನದಿಂದ ಈ ಗೋದಿಯ ಬೀಜವು ಅಮೆರಿಕೆಗೆ ಹೋಯಿತು. ಅಲ್ಲಿ ಕರಿತುಕ್ಕನ್ನು ಸೋಂಕಿಸಿ ನೋಡಿದಾಗ ಬಹುತೇಕ ಎಲ್ಲ ಕುಲಗಳ ಎದುರಿಗೂ ಅದು ನಿಂತಿತು. ಸ್ಟ್ಯಾಕ್‌ಮನ್ ಮತ್ತು ಲೆವೀನ್ ಎಂಬವರು ೧೯೨೨ರಲ್ಲಿ ಕರಿತುಕ್ಕಿನ ಕುಲಗಳನ್ನು ಗುರುತಿಸಲು ಹನ್ನೆರಡು ಗೋದಿಗಳನ್ನು ಒರೆಗಲ್ಲುಗಳಾಗಿ ನಿಯಮಿಸಿದರು. ಆ ಹನ್ನೆರಡರಲ್ಲಿ ಖಪಲಿಯು ಒಂದು. ಅಲ್ಲಿಂದ ಮುಂದೆ ಬಹುಕಾಲ ನಾನಾ ದೇಶಗಳಲ್ಲಿ ತುಕ್ಕಿನ ಹುಡಿಯನ್ನು ಪರೀಕ್ಷಿಸಿದವರೆಲ್ಲರೂ ದಕ್ಷಿಣಾಪಥದ ಈ ಗೋದಿಯ ಸಸಿಯನ್ನು ಕುಂಡದಲ್ಲಿ ಬೆಳೆಸಬೇಕಾಯಿತು.

ಒರೆಗಲ್ಲಾಗಿದ್ದುದನ್ನು ಆಸ್ಟ್ರೇಲಿಯದ ವಾಟರ್‌ಹೌಸನು ಬೀಜದಾತನನ್ನಾಗಿ ಮಾಡಿದನು. ವರ್ಣತಂತುಗಳ ಸಂಖ್ಯೆಯಲ್ಲಿ ಭೇದವಿರುವುದರಿಂದ ಈ ಎರಡು ಗೋದಿಗಳ ಸಂಕರದಲ್ಲಿ ಹುಟ್ಟಿದ ಸಸಿಗಳು ಅನೇಕವೇಳೆ ಬಂಜೆಯಾಗುವುವು. ಆದರೂ ಅವನು ಪ್ರಯತ್ನಪಟ್ಟು ಖಪಲಿಯ ಗುಣವನ್ನು ಸ್ಟೈನ್‌ವೆಡೆಲ್ ಎಂಬ ರೊಟ್ಟಿಗೋದಿಗೆ ಸೇರಿಸಿ, ಎರಡರ ಹೆಸರನ್ನೂ ಕೂಡಿಸಿ ಖಪ್‌ಸ್ಟೈನ್ ಎಂದು ಕರೆದನು. ಖಪಲಿಯಿಂದ ಬಂದ ನಿರೋಧದ ವಂಶವಾಹಿಗಳಿಗೆ ಶಾಸ್ತ್ರಜ್ಞರು ಎಸ್ಆರ್ ೧೩, ಎಸ್ಆರ್ ೧೪ ಎಂದು ಸಂಜ್ಞೆಗಳನ್ನು ಕೊಟ್ಟರು. ಬೂದಿರೋಗವನ್ನು ತಡೆಯುವ ಪಿಎಂ ೪ಎ ಎಂಬುದೂ ಈ ಗೋದಿಯಿಂದಲೇ ದೊರೆತುದು.

ಇವುಗಳಲ್ಲಿ ಎಸ್ಆರ್ ೧೩ರ ಬೆಲೆಯು ಮುಂದೆ ಹೆಚ್ಚಿತು. ೧೯೯೮ರಲ್ಲಿ ಆಫ್ರಿಕದ ಉಗಾಂಡದಲ್ಲಿ ಕರಿತುಕ್ಕಿನ ಹೊಸ ಕುಲವೊಂದು ಕಾಣಿಸಿಕೊಂಡು, ಅಲ್ಲಿಯವರೆಗೆ ಲೋಕದ ಅನೇಕ ಗೋದಿಗಳನ್ನು ಕಾಪಾಡುತ್ತಿದ್ದ ಎಸ್ಆರ್ ೩೧ ಎಂಬ ವಂಶವಾಹಿಯನ್ನು ಮುರಿಯಿತು. ಯುಜಿ ೯೯ ಎಂದು ಹೆಸರಾದ ಈ ಕುಲವನ್ನು ತಡೆಯಬಲ್ಲ ವಂಶವಾಹಿಗಳಿಗಾಗಿ ಹುಡುಕಿದಾಗ ಎಸ್ಆರ್ ೧೩ ಆ ಸಾಲಿನಲ್ಲಿ ಕಂಡುಬಂದಿತು. ಅದು ಆರನೆಯ ಎ ವರ್ಣತಂತುವಿನಲ್ಲಿರುವುದೆಂದು ತಿಳಿದಿದ್ದಿತು. ಅದರ ರಚನೆಯನ್ನು ೨೦೧೭ರಲ್ಲಿ ಬೇರ್ಪಡಿಸಿ ಓದಿದರು. ಹಗೆಯನ್ನು ಗುರುತಿಸುವ ಒಂದು ಪ್ರೋಟೀನನ್ನು ರಚಿಸುವುದೇ ಅದರ ಕೆಲಸ. ಹವೆಯು ಬೆಚ್ಚಗಿರುವಲ್ಲಿ ಅದರ ಬಲವು ಹೆಚ್ಚೆಂಬುದೂ ಗಮನಾರ್ಹವಾಗಿದೆ. ಆದರೆ ಅದನ್ನೂ ಮುರಿಯಬಲ್ಲ ಕುಲಗಳು ಇಥಿಯೋಪಿಯದಲ್ಲಿ ಕಂಡುಬಂದಿವೆ. ಯಾವ ವಂಶವಾಹಿಯೂ ಅಮೃತವನ್ನು ಕುಡಿದುದಲ್ಲ.

ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದವರು ಈ ಸದಕದಿಂದಲೇ ಡಿಡಿಕೆ ೧೦೦೧, ೧೦೦೯, ೧೦೨೫, ೧೦೨೯ ಮೊದಲಾದ ತಳಿಗಳನ್ನು ಸಿದ್ಧಪಡಿಸಿದರು. ಉದ್ದವಾಗಿ ಬೆಳೆದು ಬಾಗಿ ಬೀಳುವ ಹಳೆಯ ಪೈರಿನ ದೋಷವನ್ನು ಕೆಲವು ತಳಿಗಳಲ್ಲಿ ಗಿಡ್ಡತನದಿಂದ ಪರಿಹರಿಸಿದರು. ಕರ್ನಾಟಕವು ನೀಲಗಿರಿಗೂ ಮಧ್ಯದೇಶಕ್ಕೂ ನಡುವೆ ಇರುವುದರಿಂದ, ಇಲ್ಲಿ ತುಕ್ಕನ್ನು ತಡೆಯುವ ಗೋದಿಯು ಬೆಳೆದರೆ ಅದು ಬಡಗಣ ಗೋದಿಸೀಮೆಗೂ ಕಾವಲಾಗುವುದು.

೬

ಸದಕದ ಚರಿತ್ರೆಯು ಬೀಜಬಲದ ಮಹಿಮೆಯನ್ನು ತೋರಿಸಿದರೆ, ಸಜ್ಜೆಯ ಚರಿತ್ರೆಯು ಅದರ ಅಪಾಯವನ್ನು ತೋರಿಸುವುದು. ಅಮೆರಿಕೆಯ ಟಿಫ್ಟನ್ ಎಂಬಲ್ಲಿ ಬರ್ಟನ್ನನು ಸಿದ್ಧಪಡಿಸಿದ ಟಿಫ್ಟ್ ೨೩ಎ ಎಂಬ ಪರಾಗಹೀನ ಸಜ್ಜೆಯನ್ನು ತಾಯಿಯಾಗಿಟ್ಟುಕೊಂಡು, ೧೯೬೫ರಲ್ಲಿ ಹಿಂದೂಸ್ಥಾನದಲ್ಲಿ ಎಚ್‌ಬಿ ೧ ಎಂಬ ಮೊದಲನೆಯ ಸಂಕರ ಸಜ್ಜೆಯನ್ನು ಹೊರತಂದರು. ಅದೇ ತಾಯಿಯಿಂದ ಇನ್ನೂ ಕೆಲವು ಸಂಕರಗಳು ಹುಟ್ಟಿದುವು. ಇಳುವರಿಯು ಹೆಚ್ಚಿದುದರಿಂದ ಒಕ್ಕಲಿಗರು ಅವುಗಳನ್ನು ಆದರದಿಂದ ಬಿತ್ತಿದರು. ಆದರೆ ಆ ತಾಯಿಗೆ ಕೇದಿಗೆ ರೋಗವನ್ನು ತಡೆಯುವ ಶಕ್ತಿಯಿರಲಿಲ್ಲ. ತಂದೆಗಳು ಬೇರೆಬೇರೆಯಾಗಿದ್ದರೂ ತಾಯಿ ಒಂದೇ ಆದುದರಿಂದ, ೧೯೭೦ರ ದಶಕದ ಆದಿಯಲ್ಲಿ ರೋಗವು ಬಂದಾಗ ಮಕ್ಕಳೆಲ್ಲರೂ ಒಟ್ಟಿಗೆ ಬಿದ್ದರು. ಬಳಿಕ ನಿರೋಧವುಳ್ಳ ಬೇರೆ ತಾಯಿಗಳನ್ನು ಹುಡುಕಬೇಕಾಯಿತು. ೨೦೦೫ರಲ್ಲಿ ಹರಿಯಾಣದ ಎಚ್‌ಎಚ್‌ಬಿ ೬೭ ಎಂಬ ಸಜ್ಜೆಗೆ, ವಂಶವಾಹಿಗಳ ಗುರುತನ್ನೇ ಹಿಡಿದು ಆರಿಸಿ, ಕೇದಿಗೆಯನ್ನು ತಡೆಯುವ ಗುಣವನ್ನು ಸೇರಿಸಿದ ತಳಿಯು ಹೊರಬಂದಿತು. ಈ ರೋಗದ ಜೀವಿಯನ್ನು ಹಿಂದೆ ಶಿಲೀಂಧ್ರಗಳಲ್ಲಿಯೇ ಎಣಿಸುತ್ತಿದ್ದರು. ಈಗ ಅದನ್ನು ಬೇರೊಂದು ವರ್ಗಕ್ಕೆ ಸೇರಿಸಿದ್ದಾರೆ.

ಕೃಷಿಪರಾಶರದ ಏಕರೂಪಬೀಜದ ಉಪದೇಶವನ್ನು ಈಗ ಪರೀಕ್ಷಿಸಬಹುದು. ಒಂದೇ ಬಗೆಯ ಬೀಜವು ಉತ್ತಮವೆಂಬ ಆ ಮಾತಿಗೂ ಏಕರೂಪತೆಯೇ ಸಜ್ಜೆಯನ್ನು ಕೆಡಿಸಿತೆಂಬ ಅನುಭವಕ್ಕೂ ವಿರೋಧವಿರುವಂತೆ ತೋರುವುದು. ಆದರೆ ವಿಷಯಭೇದದಿಂದ ವಿರೋಧವು ಪರಿಹಾರವಾಗುವುದು. ಗ್ರಂಥಕಾರನು ಹೇಳಿದುದು ಒಬ್ಬ ಒಕ್ಕಲಿಗನ ಬೀಜದ ಮೂಟೆಯನ್ನು ಕುರಿತು. ಅದರಲ್ಲ��� ಜೊಳ್ಳೂ ಕಳೆಯೂ ಬೆರೆಯಬಾರದೆಂಬುದು ಅವನ ಅಭಿಪ್ರಾಯ. ನೆರೆಯವನ ಮೂಟೆಯಲ್ಲಿ ಬೇರೆ ಬೀಜವಿರಬಾರದೆಂದು ಅವನು ವಿಧಿಸಲಿಲ್ಲ. ಬೀಜವನ್ನು ಮನೆಮನೆಯಲ್ಲಿಯೇ ಇಟ್ಟುಕೊಳ್ಳುತ್ತಿದ್ದ ಕಾಲದಲ್ಲಿ ಹೊಲಕ್ಕೆ ಏಕರೂಪತೆಯೂ ನಾಡಿಗೆ ನಾನಾರೂಪತೆಯೂ ಸಹಜವಾಗಿಯೇ ಕೂಡಿದ್ದುವು. ಒಂದು ಮೂಟೆಯ ಗುಣವಾಗಿದ್ದುದನ್ನು ಇಡೀ ದೇಶಕ್ಕೆ ಹಬ್ಬಿಸಿದಾಗ ಅದೇ ದೋಷವಾಯಿತು.

ಈ ವಿಚಾರವು ಹಳೆಯ ಕಥೆಯಾಗಿ ಮುಗಿದಿಲ್ಲ. ತುಂಗಭದ್ರೆಯ ಕಾಲುವೆಗಳ ಕೆಳಗೆ ೧೯೮೬ರಲ್ಲಿ ಆಂಧ್ರದ ಬಾಪಟ್ಲದಿಂದ ಹೊರಬಂದ ಬಿಪಿಟಿ ೫೨೦೪ ಎಂಬ ಸಣ್ಣಕ್ಕಿಯ ಬತ್ತವು ಬಹಳವಾಗಿ ಹರಡಿತು. ಅನ್ನದ ರುಚಿಯಲ್ಲಿಯೂ ಪೇಟೆಯ ಬೆಲೆಯಲ್ಲಿಯೂ ಅದು ಹೆಸರಾಗಿದೆ. ಆದರೆ ಬೆಂಕಿ ರೋಗಕ್ಕೆ ಅದು ಸುಲಭವಾಗಿ ತುತ್ತಾಗುವುದು. ಔಷಧವನ್ನು ಸಿಂಪಡಿಸಿ ಅದನ್ನು ಕಾಪಾಡಬೇಕಾಗಿದೆ. ಬೆಂಕಿ ರೋಗವನ್ನು ತಡೆಯುವ ವಂಶವಾಹಿಗಳೂ ಲೋಕದಲ್ಲಿ ಇಲ್ಲದೆ ಇಲ್ಲ. ವಿಯೆಟ್ನಾಮಿನ ತೇತೆಪ್ ಎಂಬ ಬತ್ತದಿಂದ ಅಂತಹುದೊಂದನ್ನು ಹಿಂದೂಸ್ಥಾನದ ಶಾಸ್ತ್ರಜ್ಞರೇ ಬೇರ್ಪಡಿಸಿದ್ದಾರೆ. ಅಂತಹ ಹಳೆಯ ಕುಲಗಳನ್ನು ಯಾರೋ ಉಳಿಸಿದ್ದುದರಿಂದಲೇ ಅದು ದೊರೆಯಿತೆಂಬುದನ್ನು ಮರೆಯಬಾರದು.

ಆದುದರಿಂದ ಬೀಜಕ್ಷೇತ್ರವಿವಾದಕ್ಕೆ ಈಗ ಹೇಳಬಹುದಾದ ನಿರ್ಣಯವು ಇಷ್ಟು. ರೋಗವನ್ನು ತರುವವನು ಬೀಜವೂ ಅಲ್ಲದ ಕ್ಷೇತ್ರವೂ ಅಲ್ಲದ ಮೂರನೆಯವನು. ಅವನನ್ನು ತಡೆಯುವ ಬಲವು ಬೀಜದಲ್ಲಿದೆ. ಆದರೆ ಅವನೂ ಕುಲವನ್ನು ಬದಲಾಯಿಸಬಲ್ಲವನಾದುದರಿಂದ ಒಂದೇ ಬೀಜದ ಬಲವು ಎಂದೆಂದಿಗೂ ನಿಲ್ಲುವುದಿಲ್ಲ. ಬಲವಿರುವುದು ಬೀಜಗಳ ಬಹುತ್ವದಲ್ಲಿ. ದೆಹಲಿಯ ಬೀಜಭಂಡಾರದಲ್ಲಿಯೂ ಪಟಾಂಚೆರುವಿನ ಸಂಸ್ಥೆಯಲ್ಲಿಯೂ ಜೋಳ ಸಜ್ಜೆಗಳ ಸಹಸ್ರಾರು ಮಾದರಿಗಳನ್ನು ತಂಪಿನಲ್ಲಿಟ್ಟು ಕಾಪಾಡುತ್ತಿರುವುದು ಶ್ಲಾಘ್ಯವೇ ಸರಿ. ಆದರೆ ಭಂಡಾರದಲ್ಲಿ ಮಲಗಿರುವ ಬೀಜವು ಹೊಸ ಹೊಸ ರೋಗಕುಲಗಳೊಡನೆ ಹೋರಾಡಿ ಬೆಳೆಯಲಾರದು. ಅದಕ್ಕೆ ಹೊಲವೇ ಬೇಕು.

ಇಲ್ಲಿ ಭಾಷಾವಿದ್ವಾಂಸರಿಗೂ ಒಂದು ಕೆಲಸವಿದೆ. ಮಾಲದಂಡಿ, ಸಕ್ಕರಿ ಮುಕ್ಕರಿ, ಕಾಗಿಮೂತಿ ಎಂಬ ಜೋಳದ ಹೆಸರುಗಳಾಗಲಿ, ಸದಕ, ಜವೆ ಎಂಬ ಗೋದಿಯ ಹೆಸರುಗಳಾಗಲಿ, ಕಾಡಿಗೆ, ಕೇದಿಗೆ, ಭಂಡಾರ ಎಂಬ ರೋಗಗಳ ಹೆಸರುಗಳಾಗಲಿ ಬರಿಯ ದೇಶ್ಯಪದಗಳ ಪಟ್ಟಿಯಲ್ಲ. ಯಾವ ಬೀಜವು ಯಾವ ನೆಲದಲ್ಲಿ ಯಾವ ಹಗೆಯನ್ನು ಎದುರಿಸಿತೆಂಬುದರ ದಾಖಲೆಗಳು. ಖಪಲಿಯ ಬೀಜವು ಸಮುದ್ರವನ್ನು ದಾಟಿದಾಗ ಅದರ ಹೆಸರೂ ಅದರೊಡನೆ ಹೋದುದರಿಂದಲೇ ಅದು ಎಲ್ಲಿಯದೆಂದು ಇಂದು ಹೇಳಲು ಸಾಧ್ಯವಾಗಿದೆ. ತೋರಣಗಲ್ಲು, ಸಂಡೂರು, ಕಂಪ್ಲಿ, ಹೊಸಪೇಟೆಗಳ ಹಳ್ಳಿಗಳಲ್ಲಿ ವೃದ್ಧರಾದ ಒಕ್ಕಲಿಗರ ಬಾಯಲ್ಲಿ ಉಳಿದಿರುವ ಬೀಜದ ಹೆಸರುಗಳನ್ನು, ಅವುಗಳ ಗುಣದೋಷಗಳ ವಿವರಣೆಯೊಡನೆ, ಆ ತಲೆಮಾರು ಕಳೆಯುವುದರೊಳಗಾಗಿ ಬರೆದಿಡುವುದು ಕೋಶಕಾರರಿಗೂ ಶಾಸ್ತ್ರಜ್ಞರಿಗೂ ಸಮಾನವಾದ ಕರ್ತವ್ಯವಾಗಿದೆ.